ನಿದ್ದೆಯ ಹೊತ್ತು ನೋಡಿ ಇಟ್ಟ ಹುಟ್ಟುಹಬ್ಬ

ಮಗಳ ಮೊದಲ ಹುಟ್ಟುಹಬ್ಬದ ಫೋಟೋಗಳು ನಮ್ಮ ಹತ್ತಿರ ಸುಮಾರು ಇವೆ. ಅವಳು ನಗುತ್ತಿರುವುದು ಅದರಲ್ಲಿ ಒಂದೂ ಇಲ್ಲ. ಆವತ್ತು ಕೇಕ್ ಕತ್ತರಿಸಿದ್ದು ಸಂಜೆ ಏಳಕ್ಕೆ. ಅವಳು ದಿನಾ ಮಲಗುವುದು ಏಳೂವರೆಗೆ. ಮನೆ ತುಂಬಾ ನಲವತ್ತು ಜನ, ಜೋರು ಹಾಡು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿ ಹೋಗಿ ಮಗುವಿಗೆ ಸಾಕಾಗಿಬಿಟ್ಟಿತ್ತು. ಮೇಣದಬತ್ತಿ ಹಚ್ಚುವ ಹೊತ್ತಿಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಎಲ್ಲರೂ ಸೇರಿ ಸಮಾಧಾನ ಮಾಡಲು ಹೋದಷ್ಟೂ ಅಳು ಜಾಸ್ತಿ ಆಯಿತು. ಅವಳನ್ನು ಮಲಗಿಸಿ ಹೊರಗೆ ಬಂದಾಗ ನನಗೆ ಬಹಳ ಸಂಕಟವಾಗಿತ್ತು. ಬಂದವರೆಲ್ಲ ನಮ್ಮವರೇ, ಪ್ರೀತಿಯಿಂದಲೇ ಬಂದವರು. ಆದರೂ ಅವಳ ದಿನ ಅವಳಿಗೆ ಸಿಗಲಿಲ್ಲ ಅನ್ನಿಸಿತು.

ಹಾಗಾಗಿ ಎರಡನೇ ಹುಟ್ಟುಹಬ್ಬಕ್ಕೆ ಇನ್ನೂ ಒಂದು ತಿಂಗಳು ಇರುವಾಗಲೇ ನಾನೂ ನನ್ನ ಗಂಡನೂ ನೋಟ್‌ಬುಕ್ ಹಿಡಿದು ಕೂತೆವು. ಮೊದಲ ಸಾಲಿನಲ್ಲಿ ಬರೆದದ್ದು ಅವಳ ನಿದ್ದೆಯ ಸಮಯ.

ಒಂದು, ಎರಡು ವರ್ಷದ ಮಕ್ಕಳಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು ಅಂತ ನಿದ್ದೆಯ ತಜ್ಞರು ಹೇಳುತ್ತಾರೆ. ನಮ್ಮವಳು ಮಧ್ಯಾಹ್ನ ಒಂದಕ್ಕೆ ಮಲಗಿದರೆ ಮೂರಕ್ಕೆ ಏಳುತ್ತಾಳೆ. ಎದ್ದ ಮೇಲೆ ಅರ್ಧ ಗಂಟೆ ಯಾರೂ ಮಾತಾಡಿಸಬಾರದು, ಮಡಿಲಲ್ಲಿ ಸುಮ್ನೆ ಕೂತಿರಬೇಕು. ಆಮೇಲೆ ಏನಾದರೂ ತಿನ್ನಬೇಕು. ನಾಲ್ಕು ಗಂಟೆಗೆ ಅವಳು ಪೂರ್ತಿ ಅವಳಾಗಿರುತ್ತಾಳೆ. ಆರು ದಾಟಿದರೆ ಕಣ್ಣು ಉಜ್ಜಲು ಶುರು. ಅಲ್ಲಿಗೆ ನಮಗೆ ಸಿಕ್ಕಿದ್ದು ನಾಲ್ಕರಿಂದ ಆರು, ಎರಡೇ ಗಂಟೆ. ಕೇಕ್ ನಾಲ್ಕೂವರೆಗೇ ಅಂತ ಬರೆದೆವು. ಕೇಕ್ ಕೊನೆಗೆ ಇಟ್ಟರೆ ಮಕ್ಕಳು ದಣಿದಿರುತ್ತಾರೆ, ಅಲ್ವಾ?

ಕರೆಯುವ ಮೆಸೇಜಿನಲ್ಲಿ ಶುರುವಾಗುವ ಸಮಯದ ಜೊತೆ ಮುಗಿಯುವ ಸಮಯವನ್ನೂ ಹಾಕಿದೆ. ಅತ್ತೆಗೆ ಅದು ಸರಿ ಕಾಣಲಿಲ್ಲ. "ಬರುವವರಿಗೆ ಇಷ್ಟು ಗಂಟೆಗೆ ಹೊರಡಿ ಅಂತ ಹೇಳೋದು ಚೆನ್ನಾಗಿರುತ್ತೇನಮ್ಮ?" ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಹೋದ ವರ್ಷದ ಫೋಟೋ ತೋರಿಸಿದೆ. ಸ್ವಲ್ಪ ಹೊತ್ತು ನೋಡಿದರು. ಮಾರನೇ ದಿನ ಅವರೇ ತಮ್ಮ ತಂಗಿಗೆ ಫೋನ್ ಮಾಡಿ, "ಮಗು ಗೆಲುವಾಗಿರೋ ಹೊತ್ತಿಗೇ ಬನ್ನಿ, ನಾಲ್ಕಕ್ಕೆಲ್ಲ ಬಂದುಬಿಡಿ" ಅಂದದ್ದು ಅಡುಗೆಮನೆಯಿಂದ ಕೇಳಿಸಿತು. ನಾನು ಬರೆದದ್ದಕ್ಕಿಂತ ಎಷ್ಟು ಚೆಂದವಾಗಿ ಹೇಳಿದರು! ಆಮೇಲೆ ಎಲ್ಲರಿಗೂ ಅದೇ ಮಾತು ಹೇಳಿದೆ.

ಆಮೇಲೆ ಪಟ್ಟಿ. ಈ ಸಲ ಹೆಸರಿನ ಪಕ್ಕ ವಯಸ್ಸನ್ನೂ ಬರೆದೆವು. ನಮ್ಮವಳೂ ಸೇರಿ ಮೂರು ವರ್ಷದೊಳಗಿನವರು ನಾಲ್ಕು ಜನ. ನಾಲ್ಕರಿಂದ ಒಂಬತ್ತರವರು ಐದು. ಹದಿಮೂರು, ಹದಿನೈದರವರು ಒಬ್ಬೊಬ್ಬರು. ಎಪ್ಪತ್ತು ದಾಟಿದವರು ಮೂವರು. ಉಳಿದ ದೊಡ್ಡವರು ಎಂಟು. ಒಟ್ಟು 22. ವಯಸ್ಸು ಬರೆದ ಮೇಲೇ ಕಷ್ಟ ಎಲ್ಲಿದೆ ಅಂತ ಕಂಡದ್ದು. ಎರಡು ವರ್ಷದವಳಿಗೆ ಹಿಡಿಸುವ ಆಟ ಎಂಟು ವರ್ಷದವನಿಗೆ ಬೇಜಾರು. ಎಂಟು ವರ್ಷದವನಿಗೆ ಬೇಕಾದ ಓಟ ಮಂಡಿನೋವಿರುವ ಅಜ್ಜಿಗೆ ಭಯ. ಒಂದೊಂದು ವಯಸ್ಸಿಗೂ ಒಂದೊಂದು ಆಟ ಅಂತ ಬರೆಯುತ್ತಾ ಹೋದೆ. ಏಳು ಆಟ ಆಯಿತು. ಎರಡು ಗಂಟೆಯಲ್ಲಿ ಏಳು ಆಟ ಆಡಿಸುವುದು ಯಾರು? ಆ ಪುಟವನ್ನು ಹರಿದು ಹಾಕಿದೆ.

ದಾರಿ ತೋರಿಸಿದ್ದು ಅಕ್ಕನ ಮಗಳು. ಒಂಬತ್ತು ವರ್ಷ ಅವಳಿಗೆ. ಫೋನಿನಲ್ಲಿ ಕೇಳಿದಳು, "ಚಿಕ್ಕಮ್ಮ, ಎಲ್ಲಾ ಚಿಕ್ಕವರೇ ಬರ್ತಾರಂತೆ. ನಾನು ಅಲ್ಲಿ ಏನು ಮಾಡ್ಲಿ?" ನನಗೆ ತಕ್ಷಣ ಏನೂ ಹೊಳೆಯದೆ, "ನೀನು ಬಾಗಿಲಲ್ಲಿ ನಿಂತು ಬಂದವರ ಬ್ಯಾಗ್ ಎಲ್ಲಾ ತಗೊಂಡು ಮೇಲೆ ಇಡಬೇಕು ಪುಟ್ಟಿ" ಅಂದೆ. ಆಮೇಲೆ ಅವಳು ಮೂರು ಸಲ ಫೋನ್ ಮಾಡಿದಳು. ಬ್ಯಾಗ್ ಎಲ್ಲಿ ಇಡೋದು, ಯಾರದು ಯಾವುದು ಅಂತ ಚೀಟಿ ಅಂಟಿಸೋದಾ, ಕೊಡೆ ತಂದರೆ? ಅವಳು ಆಟ ಕೇಳಿರಲೇ ಇಲ್ಲ. ಅವಳಿಗೆ ಬೇಕಾಗಿದ್ದು ಅಲ್ಲಿ ನಿಲ್ಲಲು ಒಂದು ಜಾಗ. ಅವತ್ತು ಸಂಜೆ ಮತ್ತೆ ನೋಟ್‌ಬುಕ್ ತೆಗೆದು ಪ್ರತಿ ಹೆಸರಿನ ಮುಂದೆ ಒಂದು ಕೆಲಸ ಬರೆದೆವು.

ಹದಿನೈದರ ಹುಡುಗನಿಗೆ ಕ್ಯಾಮೆರಾ. ಹದಿಮೂರರ ಹುಡುಗಿಗೆ ರಟ್ಟಿನ ಮನೆಯ ಉಸ್ತುವಾರಿ. ಫ್ರಿಜ್ ಬಂದಿದ್ದ ದೊಡ್ಡ ರಟ್ಟಿನ ಡಬ್ಬ ಒಬ್ಬ ಗೆಳತಿಯ ಮನೆಯಲ್ಲಿತ್ತು, ಅದನ್ನು ತಂದೆವು. ನಾಲ್ಕು ದಾಟಿದ ಮಕ್ಕಳನ್ನು ಮಾತ್ರ ಮುಕ್ಕಾಲು ಗಂಟೆ ಮೊದಲೇ ಬರಹೇಳಿದೆವು. ಅವರು ಬಂದು ಆ ಡಬ್ಬಕ್ಕೆ ಕಿಟಕಿ, ಬಾಗಿಲು, ಹೂವು, ಬೆಕ್ಕು ಎಲ್ಲ ಬಿಡಿಸಬೇಕು. ನಾಲ್ಕು ಗಂಟೆಗೆ ಚಿಕ್ಕವರು ಬಂದಾಗ ಮನೆ ತಯಾರಿರಬೇಕು. ಕತ್ತರಿ, ಕಟರ್ ಕೆಲಸವನ್ನು ಹಿಂದಿನ ದಿನವೇ ನಾವು ಮುಗಿಸಿಟ್ಟಿದ್ದೆವು.

ಇದರಲ್ಲಿ ಒಂದು ಜಗಳ ಖಂಡಿತ ಬರುತ್ತದೆ ಅಂತ ಗೊತ್ತಿತ್ತು. ಆರು ವರ್ಷದ ಮಗು ಅಷ್ಟು ಕಷ್ಟಪಟ್ಟು ಬಣ್ಣ ಹಚ್ಚಿದ ಮೇಲೆ ಪುಟ್ಟ ಮಗುವೊಂದು ಬಂದು ಅದರ ಮೇಲೆ ಗೀಚಿದರೆ ಹೊಟ್ಟೆ ಉರಿಯುವುದಿಲ್ಲವೇ? ಅದಕ್ಕೇ ಎರಡು ಡಬ್ಬ ಇಟ್ಟೆವು. ಹಾಲ್‌ನಲ್ಲಿರುವುದು ಚಿಕ್ಕವರದ್ದು, ಅವರು ಅದನ್ನು ಹರಿಯಲಿ, ಮುರಿಯಲಿ, ಯಾರೂ ಏನೂ ಅನ್ನಬಾರದು ಅಂತ ಮೊದಲೇ ಹೇಳಿದೆವು. ಮಲಗುವ ಕೋಣೆಯಲ್ಲಿ ಇನ್ನೊಂದು ಸಣ್ಣ ಡಬ್ಬ, ಜೊತೆಗೆ ಮಣಿ, ಗುಂಡಿ, ಕಟ್ಟುವ ಆಟದ ಸಣ್ಣ ತುಂಡುಗಳು. ಅದು ದೊಡ್ಡ ಮಕ್ಕಳದ್ದೇ. ಬಾಗಿಲು ಹಾಕಿರಬೇಕು, ಆ ವಸ್ತು ಯಾವುದೂ ಹೊಸ್ತಿಲು ದಾಟಬಾರದು. ಚಿಕ್ಕವರು ಬರದ ಒಂದು ಜಾಗ ತಮಗೂ ಇದೆ ಅಂತ ಗೊತ್ತಿದ್ದರೆ ದೊಡ್ಡ ಮಕ್ಕಳು ಎಷ್ಟು ಉದಾರವಾಗಿರುತ್ತಾರೆ ಅನ್ನುವುದನ್ನು ನಾನು ಆವತ್ತು ಕಣ್ಣಾರೆ ನೋಡಿದೆ.

ಚಿಕ್ಕವರಿಗೆ ಮಾತ್ರ ಯಾವ ಆಟವನ್ನೂ ಇಡಲಿಲ್ಲ. 1932ರಲ್ಲಿ ಮಿಲ್ಡ್ರೆಡ್ ಪಾರ್ಟನ್ ಎನ್ನುವವರು ನರ್ಸರಿ ಮಕ್ಕಳ ಆಟವನ್ನು ಗಮನಿಸಿ ಅದರ ಬಗೆಗಳನ್ನು ಬರೆದಿಟ್ಟರು. ತೀರಾ ಚಿಕ್ಕವರು ಹೆಚ್ಚಾಗಿ ಅಕ್ಕಪಕ್ಕ ಕೂತು ತಮ್ಮ ತಮ್ಮ ಆಟ ಆಡುತ್ತಾರೆ, ಕೂಡಿ ಆಡುವುದು ಆಮೇಲೆ ಬರುತ್ತದೆ. ಆದ್ದರಿಂದ ಅವರನ್ನು ಸಾಲಾಗಿ ನಿಲ್ಲಿಸುವ, ಸುತ್ತ ಕೂರಿಸುವ ಯೋಚನೆಯನ್ನೇ ಬಿಟ್ಟೆವು. ಒಂದೇ ಥರದ ನಾಲ್ಕು ಸ್ಟೀಲ್ ಬಟ್ಟಲು, ನಾಲ್ಕು ಮರದ ಚಮಚ, ನಾಲ್ಕು ಮೆತ್ತನೆ ಚೆಂಡು ಚಾಪೆಯ ಮೇಲೆ ಇಟ್ಟೆವು, ಅಷ್ಟೇ. ಬಣ್ಣ ಬೇರೆ ಇದ್ದರೆ ಜಗಳ, ಅದಕ್ಕೆ ಬಣ್ಣವೂ ಒಂದೇ.

ಹಿಂದಿನ ರಾತ್ರಿ ಮಗಳು ಮಲಗಿದ ಮೇಲೆ ನಾವಿಬ್ಬರೂ ಮನೆಯನ್ನು ಅಂಬೆಗಾಲಿಟ್ಟು ನೋಡಿದೆವು. ಹದಿನಾಲ್ಕು ತಿಂಗಳ ಮಗುವೊಂದು ಬರುವುದಿತ್ತು, ಅದರ ಕಣ್ಣಿನ ಎತ್ತರಕ್ಕೆ ಬಗ್ಗಿದರೆ ಮನೆ ಬೇರೆಯೇ ಕಾಣುತ್ತದೆ. ಸೋಫಾ ಕೆಳಗೆ ಒಂದು ನಾಣ್ಯ, ಪೆನ್ನಿನ ಮುಚ್ಚಳ, ಒಂದು ಮೊಳೆ. ಮೂರು ವರ್ಷದೊಳಗಿನವರ ಆಟಿಕೆ ಪರೀಕ್ಷೆ ಮಾಡಲು ಸುಮಾರು 3.2 ಸೆಂ.ಮೀ. ಅಗಲದ ಒಂದು ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಹಿಡಿಸಿದ್ದೆಲ್ಲ ಗಂಟಲಿಗೆ ಅಪಾಯ ಅಂತ ಲೆಕ್ಕ. ಮನೆಯಲ್ಲಿ ಟಾಯ್ಲೆಟ್ ಪೇಪರಿನ ಒಳಗಿನ ರಟ್ಟಿನ ಸುರುಳಿ ಸಾಕು, ಅದು ಇನ್ನೂ ಸ್ವಲ್ಪ ಅಗಲ ಇರುವುದರಿಂದ ಪರೀಕ್ಷೆ ಬಿಗಿಯಾಗಿಯೇ ಆಗುತ್ತದೆ. ಅದರಲ್ಲಿ ತೂರಿದ ಒಂದೊಂದನ್ನೂ ಎತ್ತಿಟ್ಟೆವು.

ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಇದ್ದದ್ದು ಬಟನ್ ಸೆಲ್ ಬಗ್ಗೆ. ನಾಣ್ಯದಂತಿರುವ 20 ಮಿ.ಮೀ. ಲಿಥಿಯಂ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಮಾಡಬಲ್ಲದು. ಹಾಡುವ ಮೇಣದಬತ್ತಿ, ಮಿನುಗುವ ಪುಟ್ಟ ದೀಪ, ಹಾಡುವ ಕಾರ್ಡು, ಹೀಗೆ ಹುಟ್ಟುಹಬ್ಬದ ಸಾಮಾನಿನಲ್ಲೇ ಬಟನ್ ಸೆಲ್‌ಗಳು ಜಾಸ್ತಿ. ಹಿರಿಯರು ಬರುವ ಮನೆಯಲ್ಲಿ ಇನ್ನೂ ಒಂದು ಇದೆ, ಕಿವಿ ಮಷಿನಿನ ಸೆಲ್. ಮಾವ ಯಾವಾಗಲೂ ಎರಡು ಹೆಚ್ಚಿನ ಸೆಲ್ ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ಅವರಿಗೆ ವಿಷಯ ಹೇಳಿದೆ. "ಒಳ್ಳೇದಾಯ್ತು ಹೇಳಿದ್ದು, ನನಗೆ ಗೊತ್ತೇ ಇರಲಿಲ್ಲ" ಅಂದು ಅಲ್ಲೇ ತೆಗೆದು ಬೀರುವಿನಲ್ಲಿ ಇಟ್ಟರು. ದೊಡ್ಡವರ ಕೈಚೀಲದಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳೂ ಇರುತ್ತವೆ. ಬ್ಯಾಗ್ ಎತ್ತಿಡುವ ಕೆಲಸ ಅಕ್ಕನ ಮಗಳಿಗೆ ಸಂಭ್ರಮದ್ದಾಗಿತ್ತು, ನಮಗೆ ಅದು ಆ ಮನೆಯ ಅತಿ ಮುಖ್ಯ ಕೆಲಸವಾಗಿತ್ತು.

ಊಟ ತಿಂಡಿಯಲ್ಲಿ ಹೆಚ್ಚು ಹೇಳುವುದಿಲ್ಲ. ಯಾರಿಗೆ ಏನು ಆಗಿಬರುವುದಿಲ್ಲ ಅಂತ ಮೆಸೇಜಿನಲ್ಲೇ ಕೇಳಿದ್ದೆವು. ಒಂದು ಮಗುವಿಗೆ ಕಡಲೆಕಾಯಿ ಆಗುವುದಿಲ್ಲ ಅಂತ ಗೊತ್ತಾಯಿತು. ಆವತ್ತು ಮನೆಯೊಳಗೆ ಕಡಲೆಕಾಯಿಯನ್ನೇ ತರಲಿಲ್ಲ, ದೊಡ್ಡವರಿಗೂ ಇಲ್ಲ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ನಾಲ್ಕು ಮಾಡಿದ್ದೆವು. ಅಡ್ಡಕ್ಕೆ ಕತ್ತರಿಸಿದರೆ ತುಂಡು ದುಂಡಗೇ ಉಳಿದು ಗಂಟಲಿಗೆ ಅಡ್ಡ ಕೂರುತ್ತದೆ. ಪಾಪ್‌ಕಾರ್ನ್, ಇಡೀ ಬೀಜಗಳು, ಗಟ್ಟಿ ಮಿಠಾಯಿ ನಾಲ್ಕು ವರ್ಷದೊಳಗಿನವರಿಗೆ ಬೇಡ ಅಂತ ಮಕ್ಕಳ ವೈದ್ಯರು ಹೇಳುತ್ತಾರೆ. ಒಂದು ತಟ್ಟೆಯಲ್ಲಿದ್ದದ್ದು ಇನ್ನೊಂದು ಬಾಯಿಗೆ ಹೋಗಲು ಎಷ್ಟು ಹೊತ್ತು? ಅದಕ್ಕೇ ಅವನ್ನು ಯಾರಿಗೂ ಇಡಲಿಲ್ಲ. ವರ್ಷ ದಾಟಿದ ಮಗುವಿಗೆ ಗಂಟಲಿಗೆ ಸಿಕ್ಕಿಕೊಂಡರೆ ಬೆನ್ನಿಗೆ ಐದು ಗುದ್ದು, ಹೊಟ್ಟೆಯ ಮೇಲೆ ಐದು ಒತ್ತು ಅನ್ನುವುದನ್ನು ನಾವಿಬ್ಬರೂ ಮೊದಲೇ ಕಲಿತಿದ್ದೆವು. ಬಿಸಿ ಪಾನೀಯ ಮಾತ್ರ ಅಡುಗೆಮನೆಯ ಕಟ್ಟೆ ಬಿಟ್ಟು ಹೊರಗೆ ಬರಲಿಲ್ಲ. ಮಾಡಿ 15 ನಿಮಿಷ ಆದ ಮೇಲೂ ಅದು ಮಗುವಿನ ಚರ್ಮ ಸುಡಬಲ್ಲದು. ಕುಡಿಯುವವರು ಅಲ್ಲೇ ನಿಂತು ಕುಡಿದರು, ಅಲ್ಲೇ ಹರಟೆಯೂ ಹೊಡೆದರು.

ಹಿರಿಯರಿಗೆ ಕೈ ಇರುವ, ಕೂತರೆ ಕುಸಿಯದ ಕುರ್ಚಿಗಳನ್ನು ಗೋಡೆಗೆ ಒತ್ತಿ, ಮಕ್ಕಳ ಚಾಪೆಯ ಪಕ್ಕದಲ್ಲೇ ಹಾಕಿದೆವು. ಅಲ್ಲಿಂದ ಬಚ್ಚಲವರೆಗೆ ಒಂದು ದಾರಿಯಲ್ಲಿ ಆಟಿಕೆ ಇಡಬಾರದು ಅಂತ ನೆಲಕ್ಕೆ ಬಣ್ಣದ ಟೇಪು ಅಂಟಿಸಿದ್ದೆವು. ಆ ದಾರಿ ಕಾಯುವ ಕೆಲಸ ಐದು ವರ್ಷದವನಿಗೆ. ಹಾಡು ಹಾಕಲಿಲ್ಲ. ಹಿಂದೆ ಸದ್ದಿದ್ದರೆ ಕಿವಿ ಮಷಿನ್ ಹಾಕಿದವರಿಗೆ ಎದುರಿನವರ ಮಾತೇ ಕೇಳುವುದಿಲ್ಲ. ನನ್ನ ಅಮ್ಮನ ಕುರ್ಚಿಯ ಪಕ್ಕ ಚಿತ್ರದ ಪುಸ್ತಕಗಳ ಒಂದು ಕಟ್ಟು ಇಟ್ಟೆ. "ಯಾವ ಮಗು ಬಂದರೂ ಓದಿ ಹೇಳಮ್ಮ, ಯಾರೂ ಬರದಿದ್ದರೆ ನೀನೇ ನೋಡ್ತಾ ಕೂತಿರು" ಅಂದೆ.

ಆವತ್ತು ಮೂರೂಕಾಲಕ್ಕೆ ದೊಡ್ಡ ಮಕ್ಕಳು ಬಂದಾಗ ಮಗಳು ಎದ್ದು ನನ್ನ ಮಡಿಲಲ್ಲಿದ್ದಳು. ಒಳಕೋಣೆಯಿಂದಲೇ ಅವರ ಮಾತು ಕೇಳುತ್ತಿದ್ದಳು. ಇಪ್ಪತ್ತು ನಿಮಿಷ ಆದ ಮೇಲೆ ತಾನೇ ಇಳಿದು ಹೋಗಿ ಡಬ್ಬದ ಮುಂದೆ ನಿಂತಳು. ಒಬ್ಬೊಬ್ಬರಾಗಿ ಬಂದದ್ದರಿಂದ ಜನ ತುಂಬಿದ್ದು ಅವಳಿಗೆ ಗಾಬರಿ ಆಗಲಿಲ್ಲ. ನಾವು ಯೋಚಿಸಿಯೇ ಇರದ ಒಳ್ಳೆಯದು ಇದು.

ಯೋಚಿಸಿರದ ಇನ್ನೊಂದು ನಾಲ್ಕೂಕಾಲಕ್ಕೆ ಬಂತು. ನೆಂಟರೊಬ್ಬರು ಪ್ರೀತಿಯಿಂದ ಹನ್ನೆರಡು ಬಲೂನು ಊದಿ ತಂದಿದ್ದರು. ಬಲೂನು ಬೇಡ ಅಂತ ನಾವು ಮೊದಲೇ ತೀರ್ಮಾನ ಮಾಡಿ, ಬಣ್ಣದ ಕಾಗದದ ತೋರಣ ಕಟ್ಟಿದ್ದೆವು. ಒಡೆದ ರಬ್ಬರ್ ಬಲೂನಿನ ಚೂರು ಗಂಟಲಿನಲ್ಲಿ ಮೆತ್ತಿಕೊಂಡುಬಿಡುತ್ತದೆ, ಉಸಿರಿಗೆ ಜಾಗವೇ ಇರುವುದಿಲ್ಲ. ಅಮೆರಿಕದಲ್ಲಿ ಮಾರುವ ಬಲೂನಿನ ಪೊಟ್ಟಣದ ಮೇಲೆ 8 ವರ್ಷದೊಳಗಿನ ಮಕ್ಕಳ ಬಗ್ಗೆ ಎಚ್ಚರಿಕೆ ಹಾಕಲೇಬೇಕು ಅಂತ ಕಾನೂನೇ ಇದೆ. ಆದರೆ ಬಾಗಿಲಲ್ಲಿ ನಗುತ್ತಾ ನಿಂತವರಿಗೆ ಏನು ಹೇಳುವುದು? ದೊಡ್ಡ ಮಕ್ಕಳು ಆಗಲೇ ಓಡಿ ಹೋಗಿ ಮುತ್ತಿಕೊಂಡಿದ್ದರು. ನನ್ನ ಗಂಡ, "ಎಷ್ಟು ಚೆನ್ನಾಗಿದೆ, ಮೇಲೆ ಕಟ್ಟೋಣ ಕೊಡಿ" ಅಂದು ಕ್ಯಾಮೆರಾ ಹುಡುಗನನ್ನು ಕರೆದು ಸ್ಟೂಲ್ ಹತ್ತಿಸಿದರು. ಹನ್ನೊಂದು ಮೇಲೆ ಹೋದವು. ಹನ್ನೆರಡನೆಯದು ಏಳು ವರ್ಷದವನ ಕೈಯಲ್ಲಿ ಒಡೆಯಿತು.

ಬಲೂನು ಒಡೆಯುವ ಸದ್ದು 168 ಡೆಸಿಬಲ್‌ವರೆಗೆ ಹೋದದ್ದನ್ನು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಅಳೆದಿದ್ದಾರೆ. ನಾಲ್ಕೂ ಚಿಕ್ಕ ಮಕ್ಕಳು ಒಟ್ಟಿಗೆ ಅತ್ತರು. ಮಾವ ಕಿವಿಗೆ ಕೈ ಇಟ್ಟುಕೊಂಡರು. ನನಗೆ ಅಳುವಿಗಿಂತ ಚೂರುಗಳ ಚಿಂತೆ. ಒಡೆದ ಹುಡುಗನ ಮುಖ ಬಾಡಿಹೋಗಿತ್ತು. "ನಿನ್ನ ತಪ್ಪಲ್ಲ ಕಣೋ. ಬಾ, ಚೂರು ಹುಡುಕೋಣ, ಎಷ್ಟಾಗುತ್ತೆ ನೋಡೋಣ" ಅಂದೆ. ಐವರು ದೊಡ್ಡ ಮಕ್ಕಳೂ ನೆಲಕ್ಕೆ ಬಿದ್ದರು. ನಾಲ್ಕು ಚೂರು ಸಿಕ್ಕಿತು. ಜೋಡಿಸಿ ನೋಡಿದರೆ ಬಾಯಿಯ ಗಂಟಿನ ಭಾಗ ಇಲ್ಲ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಚಿಕ್ಕವರ ಕೈ, ಬಾಯಿ ಎಲ್ಲ ನೋಡಿದೆವು. ಕೊನೆಗೆ ಅದು ಸಿಕ್ಕಿದ್ದು ಐದು ವರ್ಷದ ಕಾವಲುಗಾರನಿಗೆ, ಅಜ್ಜಿಯ ಕುರ್ಚಿಯ ಕಾಲಿನ ಹಿಂದೆ. ಅವನು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ತಂದು ಕೊಟ್ಟ. ನಾನು ಅವನನ್ನು ಅಪ್ಪಿಕೊಂಡುಬಿಟ್ಟೆ.

ಅಳು ನಿಲ್ಲಲು ಹತ್ತು ನಿಮಿಷ ಬೇಕಾಯಿತು. ಕೇಕ್ ಹತ್ತು ನಿಮಿಷ ತಡವಾಯಿತು, ಅಷ್ಟೇ. ಹಾಡು ಮೆಲ್ಲಗೆ ಹೇಳೋಣ, ಚಪ್ಪಾಳೆ ಬೇಡ ಅಂತ ಎಲ್ಲರಿಗೂ ಹೇಳಿದ್ದೆವು. ಇಪ್ಪತ್ತೆರಡು ಜನ ಪಿಸುದನಿಯಲ್ಲಿ ಹಾಡಿದ್ದನ್ನು ನೀವು ಕೇಳಬೇಕಿತ್ತು. ಮಗಳು ಅಪ್ಪನ ಹೆಗಲಿನಿಂದ ಒಬ್ಬೊಬ್ಬರ ಬಾಯನ್ನೂ ನೋಡುತ್ತಿದ್ದಳು. ಮೇಣದಬತ್ತಿಯನ್ನು ಅವಳ ಪುಟ್ಟ ಕಪ್ ಕೇಕಿನ ಮೇಲೆ ಮಾತ್ರ ಇಟ್ಟಿದ್ದೆವು. ಮೇಣದಬತ್ತಿ ಊದಿದರೆ ಕೇಕಿನ ಮೇಲಿನ ಕ್ರೀಮಿನಲ್ಲಿ ಬ್ಯಾಕ್ಟೀರಿಯಾ ಶೇ. 1400ರಷ್ಟು ಜಾಸ್ತಿ ಆದದ್ದನ್ನು ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದವರು 2017ರಲ್ಲಿ ಬರೆದಿದ್ದಾರೆ. ಎಪ್ಪತ್ತು ದಾಟಿದವರೂ ವರ್ಷದ ಕೂಸೂ ಒಟ್ಟಿಗೆ ತಿನ್ನುವ ಕೇಕಿಗೆ ಯಾಕೆ ಬೇಕು ಅನ್ನಿಸಿತ್ತು. ಅವಳು ಊದಿದಳು, ಆರಲಿಲ್ಲ. ಪಕ್ಕದಲ್ಲಿದ್ದ ನಾಲ್ಕು ವರ್ಷದವನು ಸಹಾಯ ಮಾಡಿದ. ಕಪ್ ಕೇಕ್ ಅವಳೊಬ್ಬಳದೇ ಆದ್ದರಿಂದ ಯಾರೂ ಅವನನ್ನು ತಡೆಯಲಿಲ್ಲ.

ಆಮೇಲಿನ ಒಂದು ಗಂಟೆ ನಾನು ಏನೂ ಮಾಡಲಿಲ್ಲ. ರಟ್ಟಿನ ಮನೆಯ ಬಾಗಿಲು ಹರಿಯಿತು. ಬಿಡಿಸಿದ್ದ ಬೆಕ್ಕಿನ ಮೇಲೆ ಹದಿನಾಲ್ಕು ತಿಂಗಳ ಕೂಸು ಉದ್ದಕ್ಕೆ ನೀಲಿ ಗೆರೆ ಎಳೆಯಿತು. ಬೆಕ್ಕು ಬಿಡಿಸಿದ್ದ ಹುಡುಗಿ, "ಇರಲಿ ಬಿಡಿ, ಅದು ಅದರ ಬಾಲ" ಅಂದಳು. ಅಮ್ಮನ ಕುರ್ಚಿಯ ಸುತ್ತ ಮೂರು ಚಿಕ್ಕವರು ಸೇರಿಕೊಂಡಿದ್ದರು. ಒಂದೇ ಪುಸ್ತಕವನ್ನು ಆರು ಸಲ ಓದಿಸಿದರಂತೆ. ನಮ್ಮವಳು ಮಾತ್ರ ಮಾವನ ಎದುರು ಕೂತು ಬಟ್ಟಲಿನಿಂದ ಇಲ್ಲದ ಊಟವನ್ನು ಚಮಚದಲ್ಲಿ ತೆಗೆದು ತಿನ್ನಿಸುತ್ತಿದ್ದಳು. ಮಾವ ಪ್ರತಿ ಸಲವೂ ಬಾಯಿ ತೆರೆದು, ಅಗಿದು, "ಉಪ್ಪು ಸ್ವಲ್ಪ ಕಮ್ಮಿ" ಅನ್ನುತ್ತಿದ್ದರು. ಅವಳು ಉಪ್ಪು ಹಾಕಿ ಮತ್ತೆ ಕೊಡುತ್ತಿದ್ದಳು. ಅರ್ಧ ಗಂಟೆ ಇದೇ ನಡೆಯಿತು.

ಆರಕ್ಕೆ ಐದು ನಿಮಿಷ ಇರುವಾಗ ಅತ್ತೆಯೇ ಎದ್ದು, "ಬನ್ನಿ, ಮಗುವಿಗೆ ಟಾಟಾ ಮಾಡಿ" ಅಂದರು. ಎಲ್ಲರೂ ಹೊರಟರು. ಬ್ಯಾಗ್ ಒಂದೂ ಅದಲುಬದಲಾಗಲಿಲ್ಲ.

ಉಡುಗೊರೆಗಳನ್ನು ಆವತ್ತು ಬಿಚ್ಚಲಿಲ್ಲ. ದಿನಕ್ಕೊಂದು ಅಂತ ಬಿಚ್ಚಿದೆವು. ಒಂದು ಹಾಡುವ ಆಟಿಕೆಯ ಸೆಲ್ ಮುಚ್ಚಳಕ್ಕೆ ಸ್ಕ್ರೂ ಇರಲಿಲ್ಲ, ಉಗುರಿನಿಂದ ಎತ್ತಿದರೂ ಬರುತ್ತಿತ್ತು. ಅದನ್ನು ಅವಳು ನೋಡುವ ಮೊದಲೇ ಮೇಲೆ ಎತ್ತಿಟ್ಟೆವು. ಪ್ರತಿದಿನ ಒಂದು ಪೊಟ್ಟಣ ಬಿಚ್ಚಿ, ಕೊಟ್ಟವರಿಗೆ ಫೋನ್ ಹಚ್ಚಿ ಅವಳ ಕೈಗೆ ಕೊಡುವುದು. ಅವಳು ಮಾತಾಡುವುದಿಲ್ಲ, ಆಟಿಕೆಯನ್ನು ಫೋನಿಗೆ ತೋರಿಸುತ್ತಾಳೆ. ಕೊನೆಯ ಪೊಟ್ಟಣ ಬಿಚ್ಚಿದ್ದು ಹನ್ನೊಂದನೇ ದಿನ. ಒಳಗೆ ಒಂದು ಕೆಂಪು ಲಾರಿ ಇತ್ತು. ಅವಳು ಲಾರಿ ಬಿಟ್ಟು, ಸುತ್ತಿದ್ದ ಹಳದಿ ಕಾಗದವನ್ನು ಎತ್ತಿಕೊಂಡು, ಬಾಗಿಲಿಲ್ಲದ ರಟ್ಟಿನ ಮನೆಯೊಳಗೆ ಹೋಗಿ ನೆಲಕ್ಕೆ ಹಾಸಿದಳು. ಆಮೇಲೆ ಹೊರಗೆ ತಲೆ ಹಾಕಿ, "ತಾತ ಬಾ" ಅಂತ ಕರೆದಳು.